ನೊಣ ಕೂರದ ಬಂಗುಡೆ

"ಡಾಕ್ಟ್ರ ಮದ್ದಿಗೆ ಸಾಯದ ಕ್ರಿಮಿಯನ್ನ ನಾನ್ ಕೊಲ್ತೆ ಕಾಣ್! ಅದೂ ನಮ್ಮನಿ ಹಿತ್ಲಿನ ಹುಲ್ಲಲ್ಲೇ!"

ಹೀಗೆಂದು ಕೋಟೇಶ್ವರದ ದೇವು ಒಂದು ಸೋಮವಾರ ಬೆಳಿಗ್ಗೆ ಅಂಗಳದ ನಡುವೆ ನಿಂತು ಜಗತ್ತಿಗೆ ಸಾರಿದ. ಜಗತ್ತಿನ ಪರವಾಗಿ ಅಲ್ಲಿ ಹಾಜರಿದ್ದವಳು ಹೆಂಡತಿ ಸರಸ ಒಬ್ಬಳೇ. ಅವಳು ಬಲಗೈಯನ್ನು ಎದೆಗೊತ್ತಿಕೊಂಡು ಜಗಲಿಯ ಮೇಲೆ ಕುಳಿತಿದ್ದಳು. ಅವಳ ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿ, ಬಣ್ಣದಲ್ಲೂ ಬದನೆಕಾಯಿಗೆ ಸಮನಾಗಿತ್ತು.

ಸರಸ ಮೂವತ್ತು ವರ್ಷದಿಂದ ಹೆದ್ದಾರಿ ಬದಿಯ ಕಟ್ಟೆಯ ಮೇಲೆ ಮೀನು ಮಾರುವವಳು. "ಸರಸಕ್ಕನ ಮೀನು" ಎಂದರೆ ಕಣ್ಣು ಮುಚ್ಚಿ ಕೊಂಡುಹೋಗುವ ಗಿರಾಕಿಗಳು ತಲ್ಲೂರಿನಿಂದ ಸಾಸ್ತಾನದವರೆಗೆ ಇದ್ದಾರೆ. ದೇವು ಇಪ್ಪತ್ತು ವರ್ಷ ಬೋಟಿನಲ್ಲಿ ದುಡಿದು, ಮೊಣಕಾಲು ಕೈಕೊಟ್ಟ ಮೇಲೆ ಮನೆ ಸೇರಿದವನು. ಮನೆ ಸೇರಿದವನು ಸುಮ್ಮನೆ ಇದ್ದನೇ? ಇಲ್ಲ, ವೈದ್ಯನಾದ!

ಅವನ ವೈದ್ಯಶಾಲೆ ಒಂದು ಬಿಸ್ಕತ್ತಿನ ಡಬ್ಬಿ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಡಾಕ್ಟರು ಐದು ದಿನದ ಗುಳಿಗೆ ಬರೆಯುತ್ತಾರೆ. ಎರಡನೇ ದಿನ ಜ್ವರ ಇಳಿಯುತ್ತದೆ. ಉಳಿದ ಮೂರು ದಿನದ ಗುಳಿಗೆ ಡಬ್ಬಿ ಸೇರುತ್ತದೆ. ಇಳಿದ ಜ್ವರಕ್ಕೆ ಮದ್ದು ನುಂಗುವುದು ಮದ್ದಿಗೆ ಮಾಡುವ ಅವಮಾನ ಎಂಬುದು ದೇವುವಿನ ಸಿದ್ಧಾಂತ. ಹೀಗೆ ಕೂಡಿದ ಗುಳಿಗೆಗಳನ್ನು ಅವನು ಬಣ್ಣ ನೋಡಿ ಕೇರಿಗೆಲ್ಲ ಹಂಚುತ್ತಿದ್ದ. ಗಾಯಕ್ಕೆ ಹಳದಿ, ಕೆಮ್ಮಿಗೆ ಕೆಂಪು-ಕಪ್ಪು, ಹಲ್ಲುನೋವಿಗೆ ಉದ್ದನೆಯ ಬಿಳಿ. "ಹ್ವಾಯ್ ದೇವಣ್ಣ, ಒಂದ್ ಗುಳಿಗಿ ಇತ್ತಾ?" ಎಂದು ಯಾರಾದರೂ ಬೇಲಿಯಾಚೆಯಿಂದ ಕರೆದರೆ ಸಾಕು, ಅವನ ಮೊಣಕಾಲು ನೋವು ಮಾಯವಾಗುತ್ತಿತ್ತು.

ಒಂದೂವರೆ ತಿಂಗಳ ಹಿಂದೆ ಸರಸಳ ಹೆಬ್ಬೆರಳಿಗೆ ಮೀನಿನ ಮುಳ್ಳು ಚುಚ್ಚಿತು. ದೇವು ಎರಡು ದಿನ ಹಳದಿ ಕೊಟ್ಟ. ಬಾವು ಇಳಿಯಿತು, ಗುಳಿಗೆ ನಿಂತಿತು. ವಾರದಲ್ಲಿ ಬಾವು ತಿರುಗಿ ಬಂತು. ಎರಡು ದಿನ ಕೆಂಪು-ಕಪ್ಪು ಕೊಟ್ಟ. ಇಳಿಯಿತು, ನಿಂತಿತು, ಮತ್ತೆ ಬಂತು. ಕೊನೆಗೆ ಉದ್ದನೆಯ ಬಿಳಿಯನ್ನು ಚಾಕುವಿನಲ್ಲಿ ಅರ್ಧರ್ಧ ಮಾಡಿ ಕೊಟ್ಟ. ಈ ಸಲ ಬಾವು ಇಳಿಯುವ ಸೌಜನ್ಯವನ್ನೂ ತೋರಿಸಲಿಲ್ಲ. ಸರಸ ಗಂಡನಿಗೆ ಹೇಳದೆ ಬಸ್ಸು ಹತ್ತಿ ಕುಂದಾಪುರಕ್ಕೆ, ಡಾಕ್ಟರ್ ರಂಜನಿಯವರಲ್ಲಿಗೆ ಹೋದಳು.

ಡಾಕ್ಟರು ಕೀವು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂತು. ಅದರಲ್ಲಿ ಹನ್ನೆರಡು ಮದ್ದಿನ ಹೆಸರು, ಹತ್ತರ ಮುಂದೆ ಒಂದೇ ಅಕ್ಷರ: ಆರ್. ಅಂದರೆ ಈ ಹತ್ತು ಮದ್ದಿಗೆ ಬೆರಳಿನೊಳಗಿನ ಬ್ಯಾಕ್ಟೀರಿಯಾ ಜಗ್ಗುವುದಿಲ್ಲ. ಉಳಿದ ಎರಡರಲ್ಲಿ ಒಂದನ್ನು ದಿನಾ ಬೆಳಿಗ್ಗೆ ಬಂದು ಚುಚ್ಚಿಸಿಕೊಳ್ಳಬೇಕು, ಏಳು ದಿನ. ಕೈಗೆ ನೀರು ತಾಗಬಾರದು, ಮೀನಂತೂ ಮುಟ್ಟಲೇಬಾರದು. "ಇನ್ನೂ ತಡ ಮಾಡಿದ್ರೆ ಮೂಳೆಗೆ ಇಳೀತದೆ. ಆಮೇಲೆ ಹೆಬ್ಬೆರಳನ್ನೇ ತೆಗೀಬೇಕಾದೀತು" ಎಂದು ಡಾಕ್ಟರು ಹೇಳಿದ್ದರು. ಬಲಗೈ ಹೆಬ್ಬೆರಳಿಲ್ಲದೆ ಕತ್ತಿ ಹಿಡಿಯುವುದು ಹೇಗೆ, ಅಂಜಲ್ ಮೀನು ಕೊಯ್ಯುವುದು ಹೇಗೆ? ಸರಸ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದಿದ್ದಳು.

ದೇವು ಯೋಚಿಸಿದ್ದು ಬೇರೆಯೇ. ಆ ಹತ್ತು ಹೆಸರುಗಳಲ್ಲಿ ತನ್ನ ಹಳದಿ, ಕೆಂಪು-ಕಪ್ಪು, ಬಿಳಿ ಎಲ್ಲವೂ ಇದ್ದಾವು ಎಂದು ಅವನಿಗೆ ಹೊಳೆಯಲಿಲ್ಲ. ಅವನಿಗೆ ಕಂಡದ್ದು ಇಂಗ್ಲಿಷ್ ಮದ್ದು ಹತ್ತು ವಿಷಯದಲ್ಲಿ ಫೇಲಾದದ್ದು. ಅದೇ ಹೊತ್ತಿಗೆ ವಾಟ್ಸಾಪಿನಲ್ಲಿ ಬಂತು ನೋಡಿ ಒಂದು ಸುದ್ದಿ! 'ಯಾವ ಮದ್ದಿಗೂ ಬಗ್ಗದ ಬ್ಯಾಕ್ಟೀರಿಯಾಗಳನ್ನು ಲವಂಗ, ಮಜ್ಜಿಗೆ ಹುಲ್ಲು ಮುಂತಾದ ಗಿಡಗಳ ಸುಗಂಧ ತೈಲ ಕೊಲ್ಲಬಲ್ಲದು ಎಂದು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಕಂಡುಕೊಂಡಿದ್ದಾರೆ...' ಅಲ್ಲಿಗೆ ಮೂರು ಚುಕ್ಕಿ, ಅದರ ಕೆಳಗೆ ನೀಲಿ ಅಕ್ಷರದಲ್ಲಿ 'ಇನ್ನಷ್ಟು ಓದಿ'. ದೇವು ಅದನ್ನು ಒತ್ತಲಿಲ್ಲ. ಬೇಕಾದದ್ದು ಸಿಕ್ಕಿದ ಮೇಲೆ ಇನ್ನಷ್ಟು ಓದುವವರು ಯಾರು?

"ಕಾಣ್, ವಿಜ್ಞಾನಿಗಳೇ ಹೇಳೀರ್! ನಮ್ ಹಿತ್ಲಲ್ಲಿ ಮಜ್ಜಿಗಿ ಹುಲ್ಲ್ ಆಳುದ್ದ ಬೆಳ್ದಿತ್ತ್. ಎರಡ್ ದಿನದಂಗೆ ನಿನ್ ಬೆರಳ್ ಸಮ ಮಾಡಿ ಕೊಡ್ತೆ."

"ನನ್ ಬೆರಳಿಗೆ ಅದ್ರದ್ದ್ ಒಂದ್ ಹನಿ ಬಿದ್ರೆ ಕಾಣಿ ಮತ್ತೆ! ನಾನ್ ನಾಳೆಯಿಂದ ಇಂಜೆಕ್ಷನ್‌ಗೆ ಹೋತೆ. ಅಷ್ಟ್ ಧೈರ್ಯ ಇದ್ರೆ ಮೊದ್ಲ್ ನಿಮ್ ಕೈಗೆ ಹಚ್ಕಣಿ."

"ಮತ್ತೆ ಮೀನ್ ಯಾರ್ ಮಾರೂದ್? ನಾನೇ ಅಲ್ದಾ? ಇಪ್ಪತ್ ವರ್ಷ ಮೀನ್ ಹಿಡ್ದವನಿಗೆ ಮಾರೂಕೆ ಬತ್ತಿಲ್ಯಾ?"

"ಹಿಡೂಕೆ ಬಲೆ ಇದ್ರೆ ಸಾಕ್. ಮಾರೂಕೆ ಬಾಯಿ ಬೇಕ್. ಅದ್ಕಿಂತ ಹೆಚ್ಚ್, ಬಾಯಿ ಮುಚ್ಚೂಕೆ ಗೊತ್ತಿರ್ಕ್" ಎಂದು ಸರಸ ನಿಟ್ಟುಸಿರು ಬಿಟ್ಟಳು. ಆದರೂ ಬೇರೆ ದಾರಿ ಇರಲಿಲ್ಲ. ಏಳು ದಿನ ಜಾಗ ಖಾಲಿ ಬಿಟ್ಟರೆ ಗಿರಾಕಿಗಳು ಚದುರಿಹೋಗುತ್ತಾರೆ. ಕಟ್ಟೆಯಲ್ಲಿ ಅವಳ ಪಕ್ಕದಲ್ಲೇ ಮೀನು ಮಾರುವ ಪದ್ದಕ್ಕನಿಗೆ ಫೋನ್ ಮಾಡಿ, "ಅವ್ರನ್ನ ಒಂಚೂರ್ ಕಂಡ್ಕಣಿ" ಎಂದು ಒಪ್ಪಿಸಿದಳು.

ಮಧ್ಯಾಹ್ನ ಅಡುಗೆಮನೆಯಲ್ಲಿ ಮಹಾಯಾಗ ಶುರುವಾಯಿತು. ಕುಕ್ಕರಿನೊಳಗೆ ಒಂದು ಹೊರೆ ಮಜ್ಜಿಗೆ ಹುಲ್ಲು, ಸರಸಳ ಮಸಾಲೆ ಡಬ್ಬಿಯಲ್ಲಿದ್ದ ಅಷ್ಟೂ ಲವಂಗ, ಮೇಲೆ ನೀರು. ವಿಷಲ್ ಇರುವ ಜಾಗಕ್ಕೆ ರಬ್ಬರ್ ಪೈಪು. ಪೈಪಿನ ನಡುಭಾಗ ಮೀನಿನ ಐಸ್ ಪೆಟ್ಟಿಗೆಯೊಳಗೆ, ತುದಿ ಕೆಮ್ಮಿನ ಸಿರಪ್ಪಿನ ಬಾಟಲಿಯೊಳಗೆ. ಅರ್ಧ ಗಂಟೆ ಎಲ್ಲವೂ ಶಾಂತವಾಗಿತ್ತು. ಆಮೇಲೆ ಪೈಪು ಕಿತ್ತುಕೊಂಡು ಹಾರಿ, ಗೋಡೆಯ ಕ್ಯಾಲೆಂಡರಿಗೆ ಬಡಿದು, ಅಡುಗೆಮನೆಯ ತುಂಬ ಹಬೆ ಎಬ್ಬಿಸಿತು. ದೇವು ಕಣ್ಣುಮುಚ್ಚಿ ತಡಕಾಡಿ ಗ್ಯಾಸ್ ಆರಿಸಿದ. ಮತ್ತೆ ಸಿಕ್ಕಿಸಿದ, ಮತ್ತೆ ಹಾರಿತು. ಮೀನಿನ ತಲೆಯ ಆಸೆಗೆ ಮೂರು ವರ್ಷದಿಂದ ಹಿತ್ತಲಲ್ಲೇ ಬಿಡಾರ ಹೂಡಿದ್ದ ಬೆಕ್ಕು ಒಂದು ಸಲ ಬಾಗಿಲಲ್ಲಿ ಇಣುಕಿ, ಮೂರು ಸಲ ಸೀನಿ, ಪಕ್ಕದ ಮನೆಗೆ ಹೋಯಿತು.

ಸಂಜೆಗೆ ಬಾಟಲಿ ತುಂಬಿತ್ತು. ಹೆಚ್ಚಿನದೆಲ್ಲ ನೀರು, ಅದರಲ್ಲಿ ಎಣ್ಣೆ ಸ್ವಲ್ಪ ತೇಲುತ್ತಿತ್ತು, ಸ್ವಲ್ಪ ಮುಳುಗಿತ್ತು. ಹೆಂಡತಿಯ ಸವಾಲು ನೆನಪಿತ್ತಲ್ಲ? ದೇವು ಮೇಲಿನ ಎಣ್ಣೆಯನ್ನೂ ತಳದ ಎಣ್ಣೆಯನ್ನೂ ಸೇರಿಸಿ ಎಡಗೈ ಮೊಣಕೈಯ ಒಳಮಗ್ಗುಲಿಗೆ ಧಾರಾಳವಾಗಿ ತಿಕ್ಕಿಕೊಂಡ. ಐದು ನಿಮಿಷ ಕಳೆಯಿತು. ಆರನೇ ನಿಮಿಷಕ್ಕೆ ಅವನು ಬಚ್ಚಲಿನಲ್ಲಿದ್ದ, ಒಂಟಿ ಕಾಲಿನಲ್ಲಿ.

"ಎಂತ ಆಯ್ತ್? ಎಂತಕೆ ಕುಣೀತ್ರಿ?" ಹೊರಗಿನಿಂದ ಸರಸ ಕೇಳಿದಳು.

"ಎಂತದೂ ಇಲ್ಲೆ! ತಂಪಾಯ್ತ್! ಲಾಯ್ಕ್ ತಂಪಾಯ್ತ್!"

ಬಚ್ಚಲಿನಿಂದ ಬಂದವನು ಉದ್ದ ತೋಳಿನ ಅಂಗಿ ತೊಟ್ಟಿದ್ದ. ಮೊಣಕೈ ಉರಿದರೂ ಅವನ ಆತ್ಮವಿಶ್ವಾಸ ಉರಿಯಲಿಲ್ಲ. ಉಪ್ಪುನೀರಿನಲ್ಲಿ ಇಪ್ಪತ್ತು ವರ್ಷ ಹದವಾದ ಚರ್ಮಕ್ಕೇ ಈ ಗತಿಯಾದರೆ ಕಣ್ಣಿಗೆ ಕಾಣದ ಕ್ರಿಮಿಯ ಗತಿ ಏನು? ಸರಸ ಬೆರಳಿಗೆ ಹಚ್ಚಲು ಬಿಡುವುದಿಲ್ಲ, ಬೇಡ. ಆದರೆ ಕ್ರಿಮಿ ಬಂದದ್ದು ಎಲ್ಲಿಂದ? ಮೀನಿನ ಬುಟ್ಟಿಯಿಂದ, ಕತ್ತಿಯಿಂದ, ಕೊಯ್ಯುವ ಹಲಗೆಯಿಂದ. ಅದರ ತವರುಮನೆಗೇ ನುಗ್ಗಿ ನಿರ್ನಾಮ ಮಾಡುವುದೆಂದು ಅವನು ನಿಶ್ಚಯಿಸಿದ.

ಮಂಗಳವಾರ ಬೆಳಿಗ್ಗೆ ಸರಸ ಇಂಜೆಕ್ಷನ್‌ಗೆ ಹೋದಳು. ದೇವು ಪದ್ದಕ್ಕನ ಜೊತೆ ಟೆಂಪೋದಲ್ಲಿ ಗಂಗೊಳ್ಳಿ ಬಂದರಿಗೆ ಹೋಗಿ ಬಂಗುಡೆ, ಕಾಣೆ ಮೀನು ತಂದ. ಕಟ್ಟೆಯಲ್ಲಿ ಕುಳಿತು ಬುಟ್ಟಿಗೆ, ಕತ್ತಿಗೆ, ಹಲಗೆಗೆ ಎಣ್ಣೆ ಒರೆಸಿದ. ಇಷ್ಟಾದ ಮೇಲೆ ಮೀನೊಂದು ಬಿಟ್ಟರೆ ಹೇಗೆ? ಐಸಿನ ನೀರಿಗೆ ನಾಲ್ಕು ಮುಚ್ಚಳ ಸುರಿದು ಬಂಗುಡೆಗಳ ಮೇಲೆ ಪನ್ನೀರಿನಂತೆ ಚಿಮುಕಿಸಿದ.

ಚಮತ್ಕಾರವೇ ಆಯಿತು! ಅವನ ಬುಟ್ಟಿಯ ಮೇಲೆ ಒಂದೇ ಒಂದು ನೊಣವಿಲ್ಲ. ಇದ್ದ ನೊಣವೆಲ್ಲ ಪದ್ದಕ್ಕನ ಬುಟ್ಟಿಗೆ ವಲಸೆ ಹೋಯಿತು.

"ನೊಣ ಕೂರದ ಬಂಗುಡಿ ಎಲ್ಲಾದ್ರೂ ಕಂಡಿದ್ರ್ಯಾ ಪದ್ದಕ್ಕ?" ದೇವು ಮೀಸೆ ತಿರುವಿದ.

ಪದ್ದಕ್ಕ ಬೀಸಣಿಗೆ ಬೀಸುತ್ತ ಅವನನ್ನೇ ನೋಡಿದಳು. "ಕಂಡಿದ್ದೆ. ಮದ್ದ್ ಹಾಕಿದ್ ಮೀನಿಗೆ ನೊಣ ಕೂರೂದಿಲ್ಲೆ."

ಈ ಕರಾವಳಿಯಲ್ಲಿ ಅಂಬೆಗಾಲಿಡುವ ಮಗುವಿಗೂ ಗೊತ್ತಿರುವ ಮಾತು ಇದು. ಕೆಡದಿರಲೆಂದು ಮದ್ದು ಹಾಕಿ ದೂರದಿಂದ ತರಿಸಿದ ಮೀನನ್ನು ನೊಣ ಮೂಸಿಯೂ ನೋಡುವುದಿಲ್ಲ ಎಂದು ಇಲ್ಲಿಯ ಹೆಂಗಸರು ಮೊದಲು ನೊಣ ನೋಡುತ್ತಾರೆ, ಆಮೇಲೆ ಮೀನಿನ ಕಿವಿರು ನೋಡುತ್ತಾರೆ. ಬೋಟಿನಲ್ಲಿ ಬದುಕಿದ ದೇವುವಿಗೆ ಮೀನು ಹಿಡಿಯುವುದು ಗೊತ್ತಿತ್ತೇ ಹೊರತು ಕೊಳ್ಳುವವರ ಕಣ್ಣು ಎಲ್ಲಿರುತ್ತದೆ ಎಂದು ಗೊತ್ತಿರಲಿಲ್ಲ. ಪದ್ದಕ್ಕನಿಗೆ ಹೊಟ್ಟೆಕಿಚ್ಚು ಎಂದುಕೊಂಡು ಅವನು ಒಳಗೊಳಗೇ ನಕ್ಕ. ಅಂದು ಸರಸಳ ಹೆಸರಿನ ಬಲದಿಂದ ಮೀನು ಖರ್ಚಾಯಿತು. ಊರಲ್ಲಿ ಹೋಟೆಲ್ ನಡೆಸುವ ಸುಧೀರ್ ಅಂತೂ ನೋಡದೆಯೇ ನಲವತ್ತು ಬಂಗುಡೆ ಕಟ್ಟಿಸಿಕೊಂಡು ಹೋದ.

ಬುಧವಾರ ದೇವು ಎಣ್ಣೆಯ ಪ್ರಮಾಣ ಹೆಚ್ಚಿಸಿದ. ಒಂಬತ್ತು ಗಂಟೆಗೆ ಒಬ್ಬ ಹೆಂಗಸು ಬಗ್ಗಿ ಬಂಗುಡೆ ಎತ್ತಿ, ಮೂಸಿ, ಬುಟ್ಟಿಯ ಸುತ್ತ ಕಣ್ಣಾಡಿಸಿ, ಮೀನನ್ನು ಮೆಲ್ಲಗೆ ತಿರುಗಿ ಇಟ್ಟು ಹೋದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಹನ್ನೊಂದಾದರೂ ಬುಟ್ಟಿ ತುಂಬಿಯೇ ಇತ್ತು. ಆಗ ಸುಧೀರ್ ಸ್ಕೂಟರ್ ನಿಲ್ಲಿಸಿ ಅಲ್ಲಿಂದಲೇ ಕೂಗಿದ.

"ಹ್ವಾಯ್ ದೇವಣ್ಣ, ಮೀನಿಗೆ ಎಂತ ಹಾಕಿದ್ರಿ ಮಾರಾಯ್ರೆ? ನಿನ್ನೆ ಬಂಗುಡಿ ಫ್ರೈ ತಿಂದವ್ರಿಗೆಲ್ಲ ನಾಲ್ಗಿ ಮರಗಟ್ಟಿತ್! ಹಲ್ಲಿನ ಡಾಕ್ಟ್ರತ್ರ ಹೋಯಿ ಬಂದಂಗೆ ಆಯ್ತ್ ಅಂತ್ರ್! ಒಬ್ರಿಗೆ ಬಿಲ್ ಎಷ್ಟ್ ಅಂತ ಕೇಂಬುಕೂ ನಾಲ್ಗಿ ತಿರ್ಗಲ್ಲೆ!"

ಕಟ್ಟೆಯಲ್ಲಿ ಜನ ಸೇರಿದರು. ಅಷ್ಟರಲ್ಲೇ ಸರಸ ಬಸ್ಸಿಳಿದು, ಬ್ಯಾಂಡೇಜು ಸುತ್ತಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಂದಳು.

"ಸರಸಕ್ಕ, ನಿಮ್ ಮೀನ್ ಅಂದೇಳಿ ಕಾಣ್ದೇ ತಕಂಡ್ ಹೋದೆ. ನೀವೂ ಮದ್ದ್ ಹಾಕೂಕೆ ಸುರು ಮಾಡಿದ್ರ್ಯಾ?" ಸುಧೀರನ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು.

ಸರಸ ಗಂಡನ ಮುಖ ನೋಡಿದಳು. ಈಗ ಒಂದೇ ಒಂದು ಮಾತು ಸಾಕಿತ್ತು. 'ನಾನು ಹಾಕಿದ್ದು' ಎಂಬ ಎರಡು ಶಬ್ದ. ದೇವುವಿನ ಬಾಯಿ ತೆರೆಯಿತು. ಬಂದದ್ದು ಬೇರೆಯೇ.

"ಐಸ್! ಐಸ್ ಕೊಟ್ಟವ್ರ್ ಎಂತದೋ ಹಾಕಿರ್ಕ್! ನಂಗೆಂತ ಗೊತ್ತಿತ್ತ್?"

ಹೇಳಿದ ಕ್ಷಣವೇ ಅವನ ಕಿವಿ ಬಿಸಿಯಾಯಿತು. ಸರಸ ಒಂದು ಬಂಗುಡೆಯನ್ನು ಎಡಗೈಯಲ್ಲಿ ಎತ್ತಿ ಮೂಸಿದಳು. ತನ್ನದೇ ಮಸಾಲೆ ಡಬ್ಬಿಯ ಲವಂಗ ಅವಳಿಗೆ ಗೊತ್ತಾಗದಿರುತ್ತದೆಯೇ? ಮೀನನ್ನು ಬುಟ್ಟಿಗೆ ಹಾಕಿ, ಸೆರಗು ಎಳೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಐಸಿನವ್ರದ್ದ್ ತಪ್ಪಲ್ಲ. ನಮ್ಮನಿಯಲ್ಲೇ ತಪ್ಪಾದ್ದ್. ನಂದೇ ತಪ್ಪ್ ಅಂದೇಳಿ ತಿಳ್ಕಣಿ. ಈ ಮೀನ್ ಯಾರಿಗೂ ಬ್ಯಾಡ."

ಮೂವತ್ತು ವರ್ಷದಲ್ಲಿ ಸರಸಕ್ಕ ಕಟ್ಟೆಯ ಮೇಲೆ ತಲೆ ತಗ್ಗಿಸಿದ್ದು ಅದೇ ಮೊದಲು. ಮನೆಗೆ ಬಂದು ದೇವು ತೆಂಗಿನ ಬುಡದಲ್ಲಿ ಗುಂಡಿ ತೋಡಿ ಬುಟ್ಟಿಯಷ್ಟೂ ಮೀನನ್ನು ಮುಚ್ಚಿದ. ಈಗ ಬೈಯುತ್ತಾಳೆ, ಇನ್ನೊಂದು ಗಳಿಗೆಗೆ ಬೈಯುತ್ತಾಳೆ ಎಂದು ಕಾದ. ಅವಳು ಬೈಯಲಿಲ್ಲ. ಎಡಗೈಯಲ್ಲಿ ಗಂಜಿ ಬಡಿಸಿ, ಉಪ್ಪಿನಕಾಯಿಯನ್ನೂ ಹಾಕಿದಳು. ಬೈದರೆ ತಿರುಗಿ ಬೈದು ಹಗುರಾಗಬಹುದು. ಉಪ್ಪಿನಕಾಯಿ ಹಾಕುವವಳಿಗೆ ಏನು ಹೇಳುವುದು?

ಗುರುವಾರ ಮೀನು ಮಾರಲು ಮುಖವಿರಲಿಲ್ಲವಾದ್ದರಿಂದ ದೇವು ಹೆಂಡತಿಯ ಜೊತೆ ಕುಂದಾಪುರಕ್ಕೆ ಹೋದ. ಡಾಕ್ಟರ್ ರಂಜನಿ ಬ್ಯಾಂಡೇಜು ಬಿಚ್ಚಿ ಬೆರಳನ್ನು ಒತ್ತಿ ನೋಡಿದರು. ಬಾವು ಇಳಿಯತೊಡಗಿತ್ತು. "ಬೆರಳು ಉಳೀತದೆ" ಎಂದರು. ಸರಸಳ ಕಣ್ಣಲ್ಲಿ ನೀರು ಬಂತು. ದೇವು ಗೋಡೆಯ ಕಡೆ ತಿರುಗಿದ.

"ಆದ್ರೆ ಒಂದು ಮಾತು ಸರಸಮ್ಮ" ಎಂದು ಡಾಕ್ಟರು ದನಿ ಗಟ್ಟಿ ಮಾಡಿದರು. "'ಮೆಡಿಕಲ್ಲಿಂದ ನಾನೇ ತಕ್ಕೊಂಡೆ, ಎರಡೆರಡು ದಿನ ನುಂಗಿ ಬಿಟ್ಟೆ' ಅಂತ ಅವತ್ತು ನೀವು ಹೇಳಿದ್ರಲ್ಲ, ಎಷ್ಟು ದೊಡ್ಡ ತಪ್ಪು ಗೊತ್ತುಂಟಾ? ಅರ್ಧಂಬರ್ಧ ಮದ್ದು ಕೊಟ್ರೆ ಸಾಯುವಂಥ ಬ್ಯಾಕ್ಟೀರಿಯಾ ಸಾಯ್ತದೆ, ಗಟ್ಟಿಯದ್ದು ಉಳೀತದೆ. ಮತ್ತೆ ಬೆಳೆಯೂದು ಆ ಗಟ್ಟಿಯದ್ದೇ. ಕೈಯಾರೆ ನೀವೇ ಸಾಕಿದ ಹಾಗೆ. ಇಷ್ಟು ವಯಸ್ಸಾಗಿದೆ, ಬುದ್ಧಿ ಬೇಡ್ವಾ?"

ಸರಸ ತಲೆ ತಗ್ಗಿಸಿ "ತಪ್ಪಾಯ್ತ್ ಡಾಕ್ಟ್ರೆ" ಎಂದಳು.

ಎರಡು ದಿನದಲ್ಲಿ ಎರಡು ಸಲ ತನ್ನ ತಪ್ಪಿಗೆ ಅವಳು ತಲೆ ತಗ್ಗಿಸಿದ್ದಳು! ನೆಲ ಬಿರಿದು ತನ್ನನ್ನು ನುಂಗಬಾರದೇ ಎಂದು ದೇವುವಿಗೆ ಅನ್ನಿಸಿತು. ನೆಲಕ್ಕೆ ಅಂಥ ವಿಚಾರ ಇದ್ದಂತೆ ಕಾಣಲಿಲ್ಲ.

"ಅವ್ಳಲ್ಲ ಡಾಕ್ಟ್ರೆ. ನಾನ್. ಗುಳಿಗಿ ಕೊಟ್ಟದ್ದ್ ನಾನ್. ಮೊನ್ನೆ ಮೀನಿಗೆ ಎಣ್ಣಿ ಹಾಕಿದ್ದೂ ನಾನೇ" ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿದ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಇವ್ರಿಗೆ ಮಾತ್ರವಾ ಕೊಟ್ಟದ್ದು? ಬೇರೆ ಯಾರಿಗಾದ್ರೂ?"

ದೇವು ಬೆರಳು ಮಡಚಿ ಎಣಿಸತೊಡಗಿದ. ಎರಡೂ ಕೈ ಮುಗಿದು, ಎರಡನೇ ಸುತ್ತಿಗೆ ಹೋದಾಗ ಡಾಕ್ಟರು "ಸಾಕು, ಸಾಕು" ಎಂದರು. "ನಾಳೆಯಿಂದ ಒಬ್ಬರಿಗೂ ಒಂದು ಗುಳಿಗೆ ಕೊಡ್ಬಾರ್ದು. ಆಯ್ತಾ?"

"ಆಯ್ತ್. ಆದ್ರೆ ಡಾಕ್ಟ್ರೆ, ಆ ಎಣ್ಣಿ ಕ್ರಿಮಿ ಕೊಲ್ಲತ್ತ್ ಅಂದೇಳಿ ವಿಜ್ಞಾನಿಗಳೇ..."

"ಕೊಲ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಕೊಲ್ತದೆ. ತಟ್ಟೆಗೆ ಚರ್ಮ ಇಲ್ಲ, ರಕ್ತ ಇಲ್ಲ, ಉರಿಯೂದೂ ಇಲ್ಲ. ಎಷ್ಟು ಹಾಕ್ಬೇಕು, ಮನುಷ್ಯರಿಗೆ ಆಗ್ತದಾ ಇಲ್ವಾ ಅಂತ ಅವರಿನ್ನೂ ಹುಡುಕ್ತಾ ಇದ್ದಾರೆ. ನೀವು ಕುಕ್ಕರ್ ಹಿಡ್ಕೊಂಡು ಅವರಿಗಿಂತ ಮುಂದೆ ಹೋಗಿದ್ದೀರಿ." ಡಾಕ್ಟರು ಅವನನ್ನೇ ಒಮ್ಮೆ ನೋಡಿದರು. "ಈ ಸೆಕೆಗೆ ಉದ್ದ ತೋಳಿನ ಅಂಗಿ ಯಾಕೆ? ಮೇಲೆ ಮಾಡಿ ನೋಡುವಾ."

ಮೊಣಕೈಯ ಗುಳ್ಳೆಗಳಿಗೆ ಮುಲಾಮು ಹಚ್ಚಿಸಿಕೊಂಡು ದೇವು ಹೊರಬಂದ. ಬಸ್ಸಿನಲ್ಲಿ ಧೈರ್ಯ ಮಾಡಿ ಕೇಳಿದ. "ಸರಸ, ಎಂತಕೆ ನನ್ ಹೆಸ್ರ್ ಹೇಳಲ್ಲೆ ನೀನ್?"

ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಹೇಳೂಕೆ ನೀವ್ ಇದ್ರಿ ಅಲ್ದಾ?"



ಶುಕ್ರವಾರ ಅವನು ಸಾಬೂನು ಹಾಕಿ ನಾಲ್ಕು ನೀರು ತೊಳೆದ ಬುಟ್ಟಿಯಲ್ಲಿ ಹೊಸ ಬಂಗುಡೆ ಹೊತ್ತು ಕಟ್ಟೆಗೆ ಬಂದ. ಮಾರಲು ಕೂರಲಿಲ್ಲ. ಗಿರಾಕಿಗಳು ಸೇರುವ ಹೊತ್ತು ನೋಡಿ, ಕಟ್ಟೆಯ ಮೇಲೆ ನಿಂತು ಹೇಳಿದ:

"ಎಲ್ರೂ ಕೇಣಿ. ಮೊನ್ನೆ ಮೀನಿಗೆ ಎಣ್ಣಿ ಹಾಕಿದ್ದ್ ನಾನ್. ಸರಸಂಗೆ ಗೊತ್ತೇ ಇರಲ್ಲೆ. ಐಸಿನವ್ರ್ ಮೇಲೆ ಹೇಳಿದ್ದೂ ಸುಳ್ಳ್. ಅವ್ಳ್ ಬೆರಳ್ ಹಾಳಾದ್ದೂ ನನ್ ಗುಳಿಗಿಯಿಂದ್ಲೇ. ಬೈಯೂದಾದ್ರೆ ನಂಗೆ ಬೈನಿ. ಅವ್ಳ್ ಹೆಸ್ರ್ ಕೆಡ್ಸಬೇಡಿ."

ಹೇಳಿ, ಕಣ್ಣು ಮುಚ್ಚಿ, ನಗುವಿಗೆ ಕಾದ. ಕುಂದಾಪುರ ಸೀಮೆಯ ಬಾಯಿಗೆ ಇಂಥ ವಿಷಯ ಸಿಕ್ಕಿದರೆ ಹತ್ತು ವರ್ಷಕ್ಕೆ ಸಾಕು. ಇನ್ನು ಸಾಯುವವರೆಗೆ ತಾನು 'ಲವಂಗ ದೇವು' ಎಂದು ಅವನು ಸಿದ್ಧನಾಗಿಯೇ ಬಂದಿದ್ದ. ನಗು ಬರಲಿಲ್ಲ. ಕಣ್ಣು ತೆರೆದರೆ ಎಲ್ಲರೂ ಗಂಭೀರವಾಗಿ ತಲೆಯಾಡಿಸುತ್ತಿದ್ದಾರೆ. ಸುಧೀರ್ "ಹೌದಾ ದೇವಣ್ಣ? ನಮ್ಗೆ ಗೊತ್ತೇ ಇರಲ್ಲೆ" ಎಂದು, ತುಟಿ ಕಚ್ಚಿಕೊಂಡು, ಇಪ್ಪತ್ತು ಬಂಗುಡೆ ಕಟ್ಟಿಸಿಕೊಂಡು, ಬೇಗ ಬೇಗ ಸ್ಕೂಟರ್ ಹತ್ತಿದ. ಮೀನನ್ನು ತಿರುಗಿ ಇಟ್ಟು ಹೋಗಿದ್ದ ಹೆಂಗಸೂ ಬಂದು ಏನೂ ಆಗದವಳಂತೆ ಆರು ಬಂಗುಡೆ ಕೇಳಿದಳು.

ಬುಟ್ಟಿ ಅರ್ಧವಾದ ಮೇಲೆ ದೇವು ಪದ್ದಕ್ಕನ ಕಡೆ ಬಗ್ಗಿದ. "ಪದ್ದಕ್ಕ, ಇವ್ರೆಲ್ಲ ಎಂತಕೆ ನೆಗಾಡಲ್ಲೆ?"

ಪದ್ದಕ್ಕ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ನಾನ್ ಹೇಳಿದ್ದ್ ಅಂದೇಳಿ ಹೇಳ್ಬೇಡಿ ಮತ್ತೆ. ನಿಮ್ದೇ ಕೆಲ್ಸ ಅಂದೇಳಿ ಬುಧವಾರವೇ ಎಲ್ರಿಗೂ ಗೊತ್ತಿತ್ತ್. ಇಡೀ ಕಟ್ಟೆಗೆ ನಿಮ್ ಅಂಗಿಯ ವಾಸ್ನಿ ಹೊಡೀತಿತ್ತ್. ನಿನ್ನೆ ಸರಸ ಒಬ್ಬೊಬ್ರಿಗೂ ಫೋನ್ ಮಾಡಿತ್ತ್. 'ನಾಳೆ ಅವ್ರ್ ಬಂದ್ ಎಂತಾರೂ ಹೇಳ್ರೆ, ಮೊದ್ಲ್ ಸಲ ಕೇಂಡಂಗೆ ಕೇಣಿ. ಯಾರೂ ನೆಗಾಡೂಕಿಲ್ಲೆ. ಪಾಪ, ಅವ್ರಿಗೆ ನಾಚ್ಕಿ ಆತ್ತ್' ಅಂತ್."

ದೇವು ಬುಟ್ಟಿಯ ಮೇಲೆ ಬಗ್ಗಿ, ಮುಖ ಕಾಣದ ಹಾಗೆ ಒಂದೊಂದೇ ಬಂಗುಡೆಯನ್ನು ಎತ್ತಿ ಜೋಡಿಸತೊಡಗಿದ. ಯಾರಾದರೂ ಒಬ್ಬರು ನಕ್ಕಿದ್ದರೂ ಅವನು ಬದುಕಿಕೊಳ್ಳುತ್ತಿದ್ದ.